ಹಾವಕ್ಕಿಗಾಗಿ ಕೆರೆಯಂಚಿನಲ್ಲಿ ಕುಳಿತದ್ದು

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಹೋಗಲಾರಂಭಿಸಿದ ಮೊದಲ ವರ್ಷ ನಾನು ಮಾಡಿದ್ದೆಲ್ಲ ಓಡಾಟವೇ. ಹೆಜ್ಜಾರ್ಲೆ ನೀರಿಗಿಳಿದರೆ ಅತ್ತ, ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿದರೆ ಇತ್ತ ಧಾವಿಸುತ್ತಿದ್ದೆ. ವರ್ಷದ ಕೊನೆಗೆ ತೆಗೆದಿಟ್ಟ ಚಿತ್ರಗಳನ್ನು ತಿರುವಿ ನೋಡಿದರೆ, ಬಹುಪಾಲು ಹಕ್ಕಿಗಳು ನನಗೆ ಬೆನ್ನು ತೋರಿಸಿ ಹಾರಿಹೋಗುತ್ತಿದ್ದವು.

ತಪ್ಪು ಎಲ್ಲಿದೆ ಎಂಬುದು ಹೊಳೆಯಲು ಕೆಲವು ತಿಂಗಳು ಬೇಕಾದವು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಈ ಕೆರೆ ಕುವೆಂಪು ಅವರಂಥ ನಡಿಗೆಯ ಪ್ರಿಯರನ್ನು ಕಂಡದ್ದು. ಇಲ್ಲಿನ ಹಕ್ಕಿಗಳಿಗೆ ನಡೆದುಹೋಗುವ ಮನುಷ್ಯರ ಅಭ್ಯಾಸವಿದೆ. ಹರಟುತ್ತ ಸಾಗುವ ಹತ್ತು ಜನರ ಗುಂಪಿಗೆ ಕದಲದ ಬೆಳ್ಳಕ್ಕಿ, ಒಬ್ಬನೇ ಒಬ್ಬ ಥಟ್ಟನೆ ನಿಂತು ತನ್ನತ್ತ ಲೆನ್ಸ್ ತಿರುಗಿಸಿದೊಡನೆ ಕತ್ತು ನೀಳವಾಗಿಸಿ ಹಾರಲು ಸಿದ್ಧವಾಗುತ್ತದೆ. ಆದ್ದರಿಂದ ಹಕ್ಕಿಯ ಬಳಿಗೆ ಹೋಗುವುದನ್ನು ಬಿಟ್ಟು, ಅದು ಬರುವ ಜಾಗಕ್ಕೆ ಮೊದಲೇ ಹೋಗಿ ಕೂರುವುದೆಂದು ತೀರ್ಮಾನಿಸಿದೆ.

ಜಾಗದ ಆಯ್ಕೆಯಲ್ಲಿ ನಾನು ಮೊದಲು ನೋಡಿದ್ದು ಬೆಳಕನ್ನು, ಆಮೇಲೆ ಹಕ್ಕಿಯನ್ನು. ಪಶ್ಚಿಮದ ದಡದಿಂದ ನೋಡಿದರೆ ನೀರಿನಾಚೆ ಚಾಮುಂಡಿ ಬೆಟ್ಟ ಕಾಣುತ್ತದೆ, ದೃಶ್ಯವೇನೋ ರಮ್ಯ. ಆದರೆ ಬೆಳಗಿನ ಸೂರ್ಯ ಎದುರಿಗಿರುವುದರಿಂದ ಹಕ್ಕಿಗಳೆಲ್ಲ ಬರೀ ಕಪ್ಪು ನೆರಳಾಗಿ ಮೂಡುತ್ತವೆ. ಪೂರ್ವದ ಕಡೆ ಕುಳಿತರೆ ಬಿಸಿಲು ಬೆನ್ನ ಹಿಂದಿನಿಂದ ಹಕ್ಕಿಯ ಮುಖದ ಮೇಲೆ ಬೀಳುತ್ತದೆ, ಕಣ್ಣಿನಲ್ಲಿ ಸಣ್ಣ ಹೊಳಪೂ ಸಿಗುತ್ತದೆ. ಆ ಹೊಳಪಿಲ್ಲದ ಹಕ್ಕಿ ಚಿತ್ರದಲ್ಲಿ ಗೊಂಬೆಯಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂಬತ್ತು ಗಂಟೆ ದಾಟಿದ ಮೇಲೆ ಬಿಸಿಲೇರಿ ನೀರಿನ ಮೇಲಿನ ಗಾಳಿ ನಡುಗತೊಡಗುತ್ತದೆ. ಆಗ ದೂರದ ಹಕ್ಕಿಯ ಗರಿಗಳು ಎಷ್ಟೇ ಬೆಲೆಬಾಳುವ ಲೆನ್ಸಿನಲ್ಲೂ ಸ್ಪಷ್ಟವಾಗಿ ಬರುವುದಿಲ್ಲ.

ಒಂದೇ ಹಕ್ಕಿಯನ್ನು ಹಿಡಿದುಕೊಳ್ಳಬೇಕೆಂದು ಹಾವಕ್ಕಿಯನ್ನು ಆರಿಸಿದೆ. ನೀರುಕಾಗೆಯ ಬಳಗಕ್ಕೆ ಹತ್ತಿರದ ಈ ಹಕ್ಕಿಯ ಗರಿಗಳು ನೀರು ಹೀರಿ ನೆನೆಯುವುದರಿಂದ ಅದರ ಮೈ ಮುಳುಗಿ, ಕತ್ತು ಮಾತ್ರ ಹಾವಿನಂತೆ ಮೇಲೆ ಕಾಣುತ್ತದೆ. ಅದೇ ಕಾರಣಕ್ಕೆ ಪ್ರತಿ ಬೇಟೆಯ ನಂತರ ಅದು ಒಣಕೊಂಬೆಯೊಂದರ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳಬೇಕು. ಛಾಯಾಗ್ರಾಹಕನಿಗೆ ಇದು ವರವೇ ಸರಿ, ಏಕೆಂದರೆ ಒಮ್ಮೆ ಒಪ್ಪಿದ ಕೊಂಬೆಗೆ ಅದು ಮತ್ತೆ ಮತ್ತೆ ಬರುತ್ತದೆ. ಅಂಥ ಒಂದು ಕೊಂಬೆಯ ಎದುರು, ನೀರಿನ ಮಟ್ಟಕ್ಕೆ ಆದಷ್ಟು ಸಮೀಪವಾಗಿ, ನಾನು ಬೆಳಕು ಹರಿಯುವ ಮುನ್ನವೇ ಕೂರತೊಡಗಿದೆ. ಎತ್ತರದಿಂದ ತೆಗೆದರೆ ಹಿನ್ನೆಲೆಯೆಲ್ಲ ನೀರೇ ಆಗಿಬಿಡುತ್ತದೆ. ತಗ್ಗಿನಿಂದ ತೆಗೆದರೆ ಆಚೆ ದಡದ ಹಸಿರು ಮಸುಕಾಗಿ ಹಿಂದೆ ನಿಲ್ಲುತ್ತದೆ.

ಉಪಕರಣಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಳೆಯ ಕ್ಯಾಮೆರಾ ಒಂದು, 150ರಿಂದ 600 ಮಿಲಿಮೀಟರಿನ ಲೆನ್ಸ್ ಒಂದು (ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಚೌಕಟ್ಟು ಕಿರಿದಾಗುತ್ತದೆ). ಮುಕ್ಕಾಲಿ ತಗ್ಗಿನ ಜಾಗದಲ್ಲಿ ಅಡ್ಡಿಯಾದ್ದರಿಂದ ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ, ಹೊಲಿದು, ರಾಗಿ ತುಂಬಿ ಲೆನ್ಸಿಗೆ ದಿಂಬು ಮಾಡಿಕೊಂಡೆ. ಒಂದು ಮಳೆಗಾಲದಲ್ಲಿ ಅದು ನೆನೆದು, ನಾಲ್ಕೈದು ದಿನ ಮೂಲೆಯಲ್ಲಿ ಮರೆತುಬಿಟ್ಟಾಗ ರಾಗಿ ಮೊಳಕೆಯೊಡೆದಿತ್ತು. ಮನೆಯಲ್ಲಿ ಅದರ ಮಾತು ಇನ್ನೂ ನಿಂತಿಲ್ಲ.

ಬೆಳಕಿನ ಅಳತೆಯಲ್ಲಿ ಮಾತ್ರ ಎಚ್ಚರ ಬೇಕಾಯಿತು. ಚೌಕಟ್ಟಿನಲ್ಲಿ ಕಡುಬಣ್ಣದ ನೀರೇ ತುಂಬಿರುವಾಗ ಕ್ಯಾಮೆರಾ ದೃಶ್ಯವನ್ನು ತಾನಾಗಿ ಬೆಳಗಿಸಲು ಹೋಗಿ ಬೆಳ್ಳಕ್ಕಿಯನ್ನು ಸುಣ್ಣದ ಉಂಡೆಯಾಗಿಸುತ್ತದೆ. ಅದಕ್ಕೆ ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ದಕ್ಕುವ ಬೆಳಕನ್ನು, ಒಂದು ಸ್ಟಾಪಿನಷ್ಟು, ಎಂದರೆ ಅರ್ಧಕ್ಕೆ, ತಗ್ಗಿಸುತ್ತೇನೆ. ಹಾವಕ್ಕಿ ಕಪ್ಪು, ಅದರ ಹಿಂದೆ ಬೆಳ್ಳನೆಯ ಆಕಾಶವಿದ್ದರೆ ಒಂದು ಸ್ಟಾಪ್ ಏರಿಸುತ್ತೇನೆ. ಶಟರ್ ವೇಗ 1/2000 ಸೆಕೆಂಡಿಗಿಂತ ನಿಧಾನವಾಗದಂತೆ ಇಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) ಹೆಚ್ಚಾದರೆ ಆಗಲಿ ಎಂದು ಬಿಟ್ಟಿದ್ದೇನೆ. ಕಾಳುಕಾಳಾದ ಚಿತ್ರವನ್ನು ಆಮೇಲೆ ತಕ್ಕಮಟ್ಟಿಗೆ ಸರಿಪಡಿಸಬಹುದು, ಅಲುಗಿದ ಕಣ್ಣನ್ನು ಸರಿಪಡಿಸಲಾಗದು.

ನನಗೆ ಬೇಕಿದ್ದುದು ಮೀನು ಗಾಳಿಯಲ್ಲಿರುವ ಗಳಿಗೆ. ಹಾವಕ್ಕಿ ಮೀನನ್ನು ಕಚ್ಚಿ ಹಿಡಿಯುವುದಿಲ್ಲ, ಕೊಕ್ಕಿನಿಂದ ಈಟಿಯಂತೆ ಚುಚ್ಚುತ್ತದೆ. ಮೇಲೆ ಬಂದು ತಲೆಯೊದರಿ ಮೀನನ್ನು ಬಿಡಿಸಿ, ಮೇಲಕ್ಕೆಸೆದು, ತಲೆಯ ಕಡೆಯಿಂದ ನುಂಗುತ್ತದೆ. ಎಸೆದದ್ದನ್ನು ಕಂಡ ಮೇಲೆ ಒತ್ತಿದರೆ ಮೀನು ಆಗಲೇ ಗಂಟಲಿನಲ್ಲಿರುತ್ತದೆ. ಹಲವು ವಾರ ಸೋತ ಬಳಿಕ, ತಲೆಯೊದರುವುದೇ ಮುನ್ಸೂಚನೆಯೆಂದು ಅರಿತು, ಅದು ಶುರುವಾದೊಡನೆ ಗುಂಡಿಯನ್ನು ಒತ್ತಿಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡೆ.

ಗೂಡುಗಳಿರುವ ಮರಗಳತ್ತ ನಾನು ಲೆನ್ಸ್ ಒಯ್ಯುವುದಿಲ್ಲ. ತಾಯಿಹಕ್ಕಿ ಬೆದರಿ ಎದ್ದರೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಒಡ್ಡಿಕೊಳ್ಳುತ್ತದೆ. ಹಕ್ಕಿ ಹಾರಲೆಂದು ಕಲ್ಲೆಸೆದು ಚಿತ್ರ ತೆಗೆಯುವವರನ್ನೂ ಕಂಡಿದ್ದೇನೆ. ಅವರೊಡನೆ ಜಗಳವಾಡಿ ಒಂದೆರಡು ಬೆಳಗುಗಳನ್ನು ಕಳೆದುಕೊಂಡದ್ದೂ ಉಂಟು.

ಕೊನೆಗೊಂದು ಜನವರಿಯ ಬೆಳಿಗ್ಗೆ ಮೀನು ಗಾಳಿಗೇರಿತು. ಒಂದೇ ಉಸಿರಿನಲ್ಲಿ ಬಂದ ಹದಿನಾಲ್ಕು ಚಿತ್ರಗಳಲ್ಲಿ ಎರಡರಲ್ಲಿ ಮೀನು ಕೊಕ್ಕಿನಿಂದ ಬಿಡುಗಡೆಯಾಗಿತ್ತು, ಒಂದರಲ್ಲಿ ಹಕ್ಕಿಯ ಕಣ್ಣೂ ಸ್ಪಷ್ಟವಾಗಿತ್ತು. ಆದರೆ 600 ಮಿಲಿಮೀಟರಿಗೆ ಎಳೆದಿದ್ದರಿಂದ ಮೀನಿನ ಬಾಲ ಚೌಕಟ್ಟಿನಾಚೆ ಹೋಗಿತ್ತು. ಈಗ 450ರ ಆಸುಪಾಸಿನಲ್ಲೇ ಇಟ್ಟುಕೊಂಡು, ಅದೇ ಕೊಂಬೆಯ ಎದುರು ಕೂರುತ್ತಿದ್ದೇನೆ.