ಹಳೇ ಚಿಕ್ಕ ಸ್ಕಿಡ್ ಸ್ಟೀರ್‌ಗೆ ಬೇರೆ ಅಟ್ಯಾಚ್‌ಮೆಂಟ್ ಕೂರಿಸೋದು ಹೇಗೆ: ಅಳತೆಯಿಂದ ವೆಲ್ಡಿಂಗ್‌ವರೆಗೂ

ಸೆಕೆಂಡ್ ಹ್ಯಾಂಡಲ್ಲಿ ಚಿಕ್ಕ ಸ್ಕಿಡ್ ಸ್ಟೀರ್ (ಮುಂದೆ ಎರಡು ಆರ್ಮ್‌ಗಳಲ್ಲಿ ಬಕೆಟ್ ಹಿಡಿದು ಮಣ್ಣು ಎತ್ತೋ ಲೋಡರ್) ತಗೊಂಡವರು ಬಹಳಷ್ಟು ಜನ ಒಂದೇ ಜಾಗದಲ್ಲಿ ಸಿಕ್ಕಿಹಾಕ್ಕೊಳ್ತಾರೆ. ಮಷೀನ್ ಚೆನ್ನಾಗೇ ಓಡ್ತಿರತ್ತೆ, ಜೊತೆಗೆ ಬಂದ ಬಕೆಟ್ಟೂ ಸರಿ ಇರತ್ತೆ, ಆದ್ರೆ ಬೇರೆ ಕಡೆಯಿಂದ ಫೋರ್ಕೋ ಗುಂಡಿ ತೋಡೋ ಆಗರೋ ತಂದ್ರೆ ಅದು ಮುಂದೆ ಕೂರೋದೇ ಇಲ್ಲ. ಈಗಿನ ದೊಡ್ಡ ಮಷೀನುಗಳಲ್ಲಿ ಹೆಚ್ಚುಕಮ್ಮಿ ಎಲ್ಲದಕ್ಕೂ ಒಂದೇ ಥರದ ಪ್ಲೇಟು: ಮೇಲೆ ಓರೆಯಾದ ಅಂಚು ಅಟ್ಯಾಚ್‌ಮೆಂಟಿನ ತುಟಿಯೊಳಗೆ ಹೋಗಿ ಕೂರತ್ತೆ, ಕೆಳಗೆ ಎರಡು ಲಿವರ್ ಒತ್ತಿದ್ರೆ ಎರಡು ವೆಡ್ಜ್ ಪಿನ್ ಇಳಿದು ಲಾಕ್ ಆಗತ್ತೆ. ಬಾಬ್‌ಕ್ಯಾಟ್ ಕಂಪನಿ 1970ರಲ್ಲಿ ಬಾಬ್-ಟ್ಯಾಚ್ ಅಂತ ತಂದಿದ್ದೇ ಇದಕ್ಕೆ ಮೂಲ, ಆಮೇಲೆ ಐಎಸ್‌ಒ 24410 ಅನ್ನೋ ಸ್ಟ್ಯಾಂಡರ್ಡ್ ಬಂತು. ಹಿಂದೆ ನಿಂತ್ಕೊಂಡು ಓಡಿಸೋ ಮಿನಿ ಲೋಡರ್‌ಗಳಲ್ಲಿ ಹೆಚ್ಚಿನವಕ್ಕೆ ಸಿಐಐ (ಕಾಮನ್ ಇಂಡಸ್ಟ್ರಿ ಇಂಟರ್ಫೇಸ್) ಅನ್ನೋ ಚಿಕ್ಕ ಪ್ಲೇಟು, ಇವೆರಡೂ ಒಂದಕ್ಕೊಂದು ಸೇರಲ್ಲ. ಹಳೇ ಚಿಕ್ಕ ಮಷೀನುಗಳಲ್ಲಿ ಎಷ್ಟೋ ಸಲ ಎರಡೂ ಇರಲ್ಲ, ಆ ಕಂಪನಿಯದೇ ಸ್ವಂತ ಮೌಂಟು ಇರತ್ತೆ, ಇಲ್ಲಾ ಬಕೆಟ್ಟನ್ನ ನೇರವಾಗಿ ಪಿನ್ ಹಾಕಿ ಕೂರಿಸಿರ್ತಾರೆ.

ಎರಡು ದಾರಿ ಇದೆ. ಮಷೀನಿನ ಮುಂದೆ ಸ್ಟ್ಯಾಂಡರ್ಡ್ ಪ್ಲೇಟು ಒಂದ್ಸಲ ಹಾಕ್ಬಿಟ್ರೆ ಮುಂದೆ ಏನು ಬೇಕಾದ್ರೂ ತಂದು ಸಿಕ್ಕಿಸಬಹುದು, ಇಲ್ಲಾ ಮಷೀನನ್ನ ಹಾಗೇ ಬಿಟ್ಟು ಪ್ರತಿ ಅಟ್ಯಾಚ್‌ಮೆಂಟಿನ ಹಿಂದೆ ನಿಮ್ಮ ಮಷೀನಿಗೆ ಹೊಂದೋ ಕಿವಿಗಳನ್ನ (ಪಿನ್ ಹಾಕೋಕೆ ತೂತಿರೋ ಕಬ್ಬಿಣದ ಪಟ್ಟಿಗಳು) ವೆಲ್ಡ್ ಮಾಡಬಹುದು. ಎಲ್ಲರೂ ಮೊದಲನೇದನ್ನೇ ಹೇಳ್ತಾರೆ, ಆದ್ರೆ ಚಿಕ್ಕ ಮಷೀನಲ್ಲಿ ನಾನು ಲೆಕ್ಕ ಹಾಕದೆ ಅದನ್ನ ಒಪ್ಪಲ್ಲ, ಯಾಕಂದ್ರೆ ಆ ಪ್ಲೇಟಿನ ಅಡಾಪ್ಟರ್ ಹಾಕಿದ್ರೆ ತೂಕ ಜಾಸ್ತಿ ಆಗೋದು ಒಂದು, ಇಡೀ ಭಾರ ಮುಂದಕ್ಕೆ ಸರಿಯೋದು ಇನ್ನೊಂದು. ಉದಾಹರಣೆಗೆ ಮುಂದಿನ ಆಕ್ಸಲ್‌ನಿಂದ 1000 ಮಿ.ಮೀ. ದೂರದಲ್ಲಿ 600 ಕೆಜಿ ಇಟ್ರೆ ಹಿಂದಿನ ಚಕ್ರ ಏಳತ್ತೆ ಅಂದ್ಕೊಳ್ಳಿ. ಟೈರ್ ಇರೋ ಸ್ಕಿಡ್ ಸ್ಟೀರ್‌ಗೆ ಅದರ ಅರ್ಧ, ಅಂದ್ರೆ 300 ಕೆಜಿ, ಎತ್ತಬಹುದಾದ ಭಾರ ಅಂತ ಬರೀತಾರೆ. ಈಗ 50 ಕೆಜಿಯ ಅಡಾಪ್ಟರ್ 700 ಮಿ.ಮೀ. ದೂರದಲ್ಲಿ ಕೂತು, ಭಾರ 100 ಮಿ.ಮೀ. ಮುಂದೆ ಹೋಯ್ತು ಅಂದ್ರೆ 6,00,000ದಲ್ಲಿ (600 × 1000) 35,000 (50 × 700) ಕಳೆದು 1100ರಿಂದ ಭಾಗಿಸಿ, ಸುಮಾರು 514 ಬರತ್ತೆ, ಅದರ ಅರ್ಧ 257. ಬಕೆಟ್ಟಿನ ಸ್ವಂತ ತೂಕನೂ ಮುಂದೆ ಸರಿಯೋದರಿಂದ ನಿಜವಾಗಿ ಇನ್ನೂ ಕಮ್ಮಿನೇ. ಅದೂ ಅಲ್ದೆ ದೊಡ್ಡ ಮಷೀನಿಗೆ ಮಾಡಿದ ಅಟ್ಯಾಚ್‌ಮೆಂಟುಗಳು ತಾವೇ ಭಾರ. ಎರಡೋ ಮೂರೋ ಸಾಮಾನು ಸಾಕು ಅನ್ನೋರು ಕಿವಿ ವೆಲ್ಡ್ ಮಾಡ್ಕೊಳ್ಳೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಪ್ಲೇಟೇ ಬೇಕು ಅಂದ್ರೆ ಆದಷ್ಟು ಪಿನ್ನುಗಳ ಹತ್ತಿರಕ್ಕೆ ಒತ್ತಿ ಕೂರಿಸಿ, ಒಂದೊಂದು ಇಂಚಿಗೂ ಬೆಲೆ ಇದೆ.

ಅಳತೆ ಟೇಪ್ ಕೈಗೆ ತಗೊಳ್ಳೋ ಮುಂಚೆ ಬಕೆಟ್ ಹಿಡಿದಿರೋ ಪಿನ್ ಅಲ್ಲಾಡಿಸಿ ನೋಡಿ. ಬಕೆಟ್ ನೆಲದ ಮೇಲಿಟ್ಟು ಇಂಜಿನ್ ಆಫ್ ಮಾಡಿ ಕಂಬಿ ಹಾಕಿ ಮೀಟಿದ್ರೆ ಪಿನ್ನು, ಬುಷ್ಷು (ಪಿನ್ ಕೂರೋ ತೂತಿನೊಳಗಿನ ಬಳೆ) ಎಷ್ಟು ಸವೆದಿದೆ ಅಂತ ಗೊತ್ತಾಗತ್ತೆ, ಆಟ ಜಾಸ್ತಿ ಇದ್ರೆ ಮೊದಲು ಪಿನ್ನು ಬುಷ್ಷು ಬದಲಾಯಿಸಿ, ತೂತೇ ಮೊಟ್ಟೆ ಆಕಾರಕ್ಕೆ ಬಂದಿದ್ರೆ ಲೈನ್ ಬೋರಿಂಗ್ (ತೂತುಗಳನ್ನ ಒಂದೇ ಲೈನಲ್ಲಿ ಮತ್ತೆ ದುಂಡಗೆ ಕೊರೆಯೋದು) ಮಾಡಿಸಿ, ಸವೆದ ತೂತಿಗೆ ಅಳತೆ ಮಾಡಿ ಹೊಸ ಕಿವಿ ಕೊರೆದ್ರೆ ಸವಕಳಿಯನ್ನೇ ನಕಲು ಮಾಡಿದ ಹಾಗಾಗತ್ತೆ. ಆಮೇಲೆ ಪಿನ್ನಿನ ದಪ್ಪ ವರ್ನಿಯರಲ್ಲಿ, ಸವೆಯದೇ ಇರೋ ಜಾಗದಲ್ಲಿ ಅಳೀರಿ. ಆರ್ಮ್ ತುದಿಯ ಅಗಲ, ಎರಡೂ ಆರ್ಮ್‌ಗಳ ನಡುವಿನ ಅಂತರ, ಆರ್ಮ್ ಪಿನ್ನಿಂದ ಟಿಲ್ಟ್ ಸಿಲಿಂಡರ್ (ಬಕೆಟ್ಟನ್ನ ಹಿಂದೆ ಮುಂದೆ ತಿರುಗಿಸೋದು) ಪಿನ್ನಿಗಿರೋ ದೂರ, ಎಲ್ಲಾನೂ ಎಡಕ್ಕೂ ಬಲಕ್ಕೂ ಬೇರೆ ಬೇರೆ ತಗೊಳ್ಳಿ, ಹಳೇ ಮಷೀನಲ್ಲಿ ಎರಡೂ ಕಡೆ ಒಂದೇ ಇರತ್ತೆ ಅಂತ ನಂಬ್ಬೇಡಿ.

ಆರ್ಮ್ ಪಿನ್ನು, ಟಿಲ್ಟ್ ಪಿನ್ನು, ಈ ಎರಡರ ನಡುವಿನ ದೂರ ಬದಲಾಯಿಸ್ಬೇಡಿ. ಜಾಸ್ತಿ ಮಾಡಿದ್ರೆ ತಿರುಗಿಸೋ ಶಕ್ತಿ ಜಾಸ್ತಿ ಆಗತ್ತೆ ಆದ್ರೆ ಬಕೆಟ್ ಪೂರ್ತಿ ಮಗುಚಲ್ಲ, ಕಮ್ಮಿ ಮಾಡಿದ್ರೆ ಚೆನ್ನಾಗಿ ಮಗುಚತ್ತೆ ಆದ್ರೆ ಮಣ್ಣು ಅಗೆಯುವಾಗ ಬಲ ಸಾಲಲ್ಲ. ಇನ್ನು ಕೋನ. ಹಳೇ ಬಕೆಟ್ಟನ್ನ ಸಮತಟ್ಟಾದ ನೆಲದ ಮೇಲೆ ಪೂರ್ತಿ ಮಲಗಿಸಿ, ಎರಡು ಪಿನ್ನುಗಳ ನಡುಭಾಗ ಸೇರಿಸೋ ಗೆರೆ ನೆಲಕ್ಕೆ ಎಷ್ಟು ಓರೆ ಇದೆ ಅಂತ ಆಂಗಲ್ ಗೇಜಲ್ಲಿ ನೋಡಿ ಬರ್ಕೊಳ್ಳಿ, ಆರ್ಮ್ ಪಿನ್ ನೆಲದಿಂದ ಎಷ್ಟು ಎತ್ತರ ಅಂತಾನೂ ಬರ್ಕೊಳ್ಳಿ. ಹೊಸ ಬಕೆಟ್ಟಿನ ತಳ ನೆಲಕ್ಕೆ ಕೂತಾಗ ಅದೇ ಕೋನ ಅದೇ ಎತ್ತರ ಬರಬೇಕು, ಇಷ್ಟು ಸರಿ ಬಂದ್ರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆಯ್ತು.

ಕಿವಿಯ ಆಕಾರ ಮೊದಲು ದಪ್ಪ ರಟ್ಟಲ್ಲೋ ಪ್ಲೈವುಡ್ಡಲ್ಲೋ ಕತ್ತರಿಸಿ ಪಿನ್ನಿಗೆ ಹಾಕಿ ನೋಡಿ, ಆಮೇಲೆ ಕಬ್ಬಿಣ ಮುಟ್ಟಿ. ಕಿವಿಗೆ ಹಳೇ ಬಕೆಟ್ಟಿನದ್ದು ಎಷ್ಟು ದಪ್ಪ ಇದೆಯೋ ಅದಕ್ಕಿಂತ ಕಮ್ಮಿ ಬೇಡ.

ಟ್ಯಾಕ್ (ಅಲ್ಲಲ್ಲಿ ಚಿಕ್ಕ ಚುಕ್ಕೆ ವೆಲ್ಡ್) ಮಾಡುವಾಗ ಪಿನ್ನುಗಳನ್ನ ಹಾಕೇ ಮಾಡಿ, ಆಗ ನಾಲ್ಕೂ ತೂತು ಒಂದೇ ಲೈನಲ್ಲಿ ನಿಲ್ಲತ್ತೆ. ಮಷೀನ್ ಮೇಲೇ ಟ್ಯಾಕ್ ಮಾಡೋದಾದ್ರೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಕಂಟ್ರೋಲರ್ ಇದ್ರೆ ಅದರ ಕನೆಕ್ಟರ್ರೂ ತೆಗೀರಿ, ಅರ್ತ್ ಕ್ಲಾಂಪ್ ವೆಲ್ಡ್ ಮಾಡೋ ತುಂಡಿಗೇ ಹಾಕಿ. ಕ್ಲಾಂಪನ್ನ ಹಿಂದೆ ಚಾಸಿಗೆ ಹಾಕಿದ್ರೆ ಕರೆಂಟು ಪಿನ್ನು, ಸಿಲಿಂಡರ್ ಎಲ್ಲಾ ದಾಟಿ ಹೋಗಿ ಅವನ್ನ ಸುಡತ್ತೆ. ಹೋಸುಗಳನ್ನ ದೂರ ಕಟ್ಟಿ. ಗ್ರೀಸ್ ಒರೆಸೋಕೆ ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಮಾತ್ರ ದಯವಿಟ್ಟು ಬಳಸ್ಬೇಡಿ, ವೆಲ್ಡಿಂಗ್ ಬಿಸಿಗೆ ಅದು ಫಾಸ್ಜೀನ್ ಅನ್ನೋ ವಿಷಗಾಳಿ ಆಗತ್ತೆ, ಪ್ರಾಣಕ್ಕೇ ಅಪಾಯ.

ಟ್ಯಾಕ್ ಆದ್ಮೇಲೆ ಬ್ಯಾಟರಿ ಜೋಡಿಸಿ, ಖಾಲಿ ಮೌಂಟನ್ನ ಇಂಜಿನ್ ಐಡಲಲ್ಲಿ ನಿಧಾನವಾಗಿ ಆಡಿಸಿ ನೋಡಿ, ಮುಂದೆ ಯಾರೂ ನಿಲ್ಲಬಾರದು. ಆರ್ಮ್ ಕೆಳಗೆ, ಮಧ್ಯ, ಪೂರ್ತಿ ಮೇಲೆ, ಮೂರೂ ಕಡೆ ಹಿಂದಕ್ಕೂ ಮುಂದಕ್ಕೂ ಕೊನೇವರೆಗೂ ತಿರುಗಿಸಿ. ನಾನೊಮ್ಮೆ ಕೆಳಗೆ ಮಾತ್ರ ನೋಡಿ ಪೂರ್ತಿ ವೆಲ್ಡ್ ಮಾಡಿಬಿಟ್ಟಿದ್ದೆ, ಮೇಲೆ ಎತ್ತಿ ಹಿಂದಕ್ಕೆ ಮಡಚಿದಾಗ ಕಿವಿಯ ಮೂಲೆ ಸಿಲಿಂಡರ್ ರಾಡಿಗೆ ತಾಗಿ ರಾಡ್ ಬಗ್ಗಿಹೋಯ್ತು, ಒಂದು ಮೂಲೆ ಗ್ರೈಂಡ್ ಮಾಡಿದ್ರೆ ಉಳೀತಿತ್ತು, ಅದನ್ನ ನೆನೆಸಿಕೊಂಡ್ರೆ ಈಗಲೂ ಸಂಕಟ ಆಗತ್ತೆ. ಎತ್ತಿದ ಆರ್ಮ್ ಕೆಳಗೆ ತಲೆ ಹಾಕೋ ಮುಂಚೆ ಆರ್ಮ್ ಸಪೋರ್ಟ್ ಹಾಕಲೇಬೇಕು, ಹೈಡ್ರಾಲಿಕ್ ಹಿಡ್ಕೊಂಡಿದೆ ಅಂತ ನಂಬ್ಬೇಡಿ.

ಪೂರ್ತಿ ವೆಲ್ಡಿಂಗನ್ನ ಮೌಂಟನ್ನ ಮಷೀನಿಂದ ಕೆಳಗಿಳಿಸಿ ಮಾಡಿ. ಬಣ್ಣ ತುಕ್ಕು ಎಲ್ಲಾ ಗ್ರೈಂಡ್ ಮಾಡಿ ಹೊಳೆಯೋ ಲೋಹ ಕಾಣಬೇಕು, ರಾಡ್ ವೆಲ್ಡಿಂಗ್ ಆದ್ರೆ ಒಣಗಿದ 7018 ರಾಡು, ಒಂದೇ ಕಡೆ ಉದ್ದಕ್ಕೆ ಎಳೀದೆ ಎಡ ಸ್ವಲ್ಪ ಬಲ ಸ್ವಲ್ಪ ಅಂತ ಬದಲಾಯಿಸ್ತಾ ಹೋಗಿ. ಪ್ಲೇಟು ಡೊಂಕಾದ್ರೆ ವೆಡ್ಜ್ ಪಿನ್ ತೂತಿಗೆ ಇಳಿಯಲ್ಲ, ಅದಕ್ಕೆ ಇನ್ನೊಂದು ಭಾರದ ಪ್ಲೇಟಿಗೆ ಬಿಗಿಯಾಗಿ ಕ್ಲಾಂಪ್ ಮಾಡಿಟ್ಟು ವೆಲ್ಡ್ ಮಾಡಿ, ತಣ್ಣಗಾಗೋವರೆಗೂ ಬಿಚ್ಚಬೇಡಿ, ನೀರಂತೂ ಹಾಕ್ಲೇಬೇಡಿ.

ಆಗರ್ ಥರದ್ದಕ್ಕೆ ಹೈಡ್ರಾಲಿಕ್ ಲೈನೂ ಬೇಕು, ಅಲ್ಲಿ ಕಪ್ಲರ್ (ಹೋಸು ಸೇರಿಸೋ ಜೋಡಣೆ) ಸೈಜಿಗಿಂತ ಮೊದಲು ಅಟ್ಯಾಚ್‌ಮೆಂಟ್ ಕೇಳೋವಷ್ಟು ಲೀಟರ್ ಆಯಿಲ್ ನಿಮ್ಮ ಪಂಪ್ ನಿಮಿಷಕ್ಕೆ ಕೊಡತ್ತಾ ನೋಡಿ. ಲೀಕ್ ಹುಡುಕೋದು ರಟ್ಟಿನ ತುಂಡಲ್ಲಿ, ಬರಿಗೈಯಲ್ಲಿ ಅಲ್ಲ, ಸೂಜಿಯಂಥ ಧಾರೆ ಚರ್ಮದೊಳಗೆ ನುಗ್ಗತ್ತೆ.

ಸ್ಟ್ಯಾಂಡರ್ಡ್ ಪ್ಲೇಟು ಹಾಕಿದ್ರೆ ಪ್ರತಿ ಸಲ ಸಿಕ್ಕಿಸಿದಾಗ ಇಳಿದು ಎರಡೂ ವೆಡ್ಜು ತೂತಿಂದ ಕೆಳಗೆ ಹೊರಗೆ ಬಂದಿದೆಯಾ ಅಂತ ಕಣ್ಣಾರೆ ನೋಡಿ, ಲಿವರ್ ಕೆಳಗಿದ್ದ ಮಾತ್ರಕ್ಕೆ ಲಾಕ್ ಆಗಿದೆ ಅಂತಲ್ಲ. ಆಮೇಲೆ ತುದಿಯನ್ನ ನೆಲಕ್ಕೆ ಒತ್ತಿ ಮುಂದಿನ ಚಕ್ರ ಸ್ವಲ್ಪ ಹಗುರ ಮಾಡಿ ನೋಡಿ, ಸಂದು ಬಿಡಬಾರದು. ಪೇಂಟ್ ಮಾತ್ರ ತಕ್ಷಣ ಹೊಡೀಬೇಡಿ, ಹತ್ತಿಪ್ಪತ್ತು ಗಂಟೆ ಹಗುರ ಕೆಲಸ ಮಾಡಿಸಿ ವೆಲ್ಡಿನ ತುದಿಗಳನ್ನ ತೊಳೆದು ನೋಡಿ, ಬಿರುಕು ಬಿಟ್ಟಿದ್ರೆ ಬರೀ ಲೋಹದ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಾಣತ್ತೆ, ಪೇಂಟ್ ಹೊಡೆದುಬಿಟ್ರೆ ಅದು ಮುಚ್ಚಿಹೋಗತ್ತೆ.