ಬೇಲಿಗೆ ಕವಳಿ: ಬೀಜವನ್ನು ಡಬ್ಬಿಯಲ್ಲಿಡಬೇಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಯಾರಾದರೊಬ್ಬರ ಫೋನ್ ಬಂದೇ ಬರುತ್ತದೆ. ‘ಕವಳಿ ಬೀಜ ಹಾಕಿದ್ದೆ ಮಾರಾಯ್ರೆ, ಒಂದೂ ಹುಟ್ಟಲಿಲ್ಲ.’ ಬೀಜ ಎಷ್ಟು ದಿನ ಡಬ್ಬಿಯಲ್ಲಿತ್ತು ಅಂತ ಕೇಳಿದರೆ, ಬೇಸಿಗೆಯಲ್ಲಿ ಊರಿಂದ ತಂದು ಚೆನ್ನಾಗಿ ಒಣಗಿಸಿಟ್ಟದ್ದು ಎನ್ನುತ್ತಾರೆ. ಆ ‘ಚೆನ್ನಾಗಿ ಒಣಗಿಸಿ’ ಎಂಬಲ್ಲೇ ಕೆಲಸ ಕೆಟ್ಟಿರುತ್ತದೆ.

ಕರಾವಳಿಯವರು ಕರಂಡೆ ಎನ್ನುವ ಈ ಗಿಡ ಕಣಗಿಲೆಯ ಕುಟುಂಬದ್ದು. ಎಲ್ಲಿ ಚಿವುಟಿದರೂ ಬಿಳಿ ಸೊನೆ. ಕವಲೊಡೆದ ಮುಳ್ಳಿಗೆ ಹೆದರಿ ದನ ನುಗ್ಗುವುದಿಲ್ಲ, ಬೆಕ್ಕು ಹತ್ತುವುದಿಲ್ಲ. ಪಿಕಳಾರ ಅಲ್ಲೇ ಗೂಡು ಕಟ್ಟುವುದು ಸುಮ್ಮನೆ ಅಲ್ಲ.

ಜಾಗಕ್ಕೆ ಬಿಸಿಲು ಬೇಕು, ನೀರು ನಿಲ್ಲಬಾರದು. ಅಷ್ಟೇ.

ಇನ್ನು ಬೀಜ. ಹಣ್ಣು ಕೆಂಪಾದರೆ ಸಾಲದು, ಕಪ್ಪಿಗೆ ತಿರುಗಿರಬೇಕು. ಮುಟ್ಟಿದರೆ ಕೈಗೆ ಬರಬೇಕು. ಕೀಳುವಾಗ ತೊಟ್ಟಿನಿಂದ ಸೊನೆ ಸುರಿದರೆ ಅದು ಉಪ್ಪಿನಕಾಯಿಗೆ ಸರಿ, ಬೀಜಕ್ಕಲ್ಲ. ಹಣ್ಣನ್ನು ಜರಡಿಯಲ್ಲಿ ಹಿಸುಕಿ, ಒಂದು ಹಿಡಿ ಮರಳು ಹಾಕಿ ಉಜ್ಜಿ, ಲೋಳೆ ಹೋಗುವ ತನಕ ತೊಳೆಯಿರಿ. ಚಪ್ಪಟೆಯಾದ ತೆಳ್ಳನೆಯ ಬೀಜಗಳು ಉಳಿಯುತ್ತವೆ. ನೆರಳಲ್ಲಿ ಹಳೇ ಪೇಪರ್ ಮೇಲೆ ನೀರಾರುವಷ್ಟು ಹೊತ್ತು ಬಿಟ್ಟು, ಅದೇ ದಿನ, ತಪ್ಪಿದರೆ ಮರುದಿನ ಬಿತ್ತಿಬಿಡಿ. ತಡವಾದಷ್ಟೂ ಬೀಜದ ಜೀವ ಹೋಗುತ್ತದೆ.

ಕೆಂಪು ಮಣ್ಣು, ಮರಳು, ಹಳೇ ಗೊಬ್ಬರ ಸಮಪಾಲು. ಅರ್ಧ ಇಂಚಿಗಿಂತ ಆಳ ಬೇಡ. ಬರೀ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬಿತ್ತುವವರಿದ್ದಾರೆ. ಜೂನ್ ಮಳೆಗೆ ಅದು ಒದ್ದೆ ಸ್ಪಂಜಿನಂತಾಗಿ ಮೊಳಕೆ ಕೊಳೆಯುತ್ತದೆ. ಮೊಳಕೆಗೆ ಎರಡರಿಂದ ನಾಲ್ಕು ವಾರ. ನಮ್ಮ ನಾದಿನಿ ಹತ್ತನೇ ದಿನಕ್ಕೆ ಕಡ್ಡಿಯಲ್ಲಿ ಕೆದಕಿ ನೋಡಿ, ಆಗಷ್ಟೇ ಒಡೆಯುತ್ತಿದ್ದ ಏಳು ಬೀಜಗಳ ಬೇರು ಮುರಿದಿದ್ದಳು. ಕೆದಕಬೇಡಿ.

ದಾಸವಾಳದ ಹಾಗೆ ಕಡ್ಡಿ ಚುಚ್ಚಿದರೆ ಬರುವುದಿಲ್ಲವೇ? ಅಪರೂಪಕ್ಕೆ ಬರುತ್ತದೆ. ವರ್ಷದ ಹಿಂದೆ ಬಾಯಿ ಬಿಚ್ಚಿಟ್ಟ ಬೇರು ಬರಿಸುವ ಪುಡಿಗೆ ದುಡ್ಡು ಕೊಡುವ ಬದಲು ಸಸಿಯನ್ನೇ ಕೊಳ್ಳಿ. ಆದರೆ ಹೊಳೆಯುವ ದಪ್ಪ ಎಲೆಯ ನೇಟಲ್ ಪ್ಲಮ್ ಕೊಟ್ಟರೆ ವಾಪಸ್ ಮಾಡಿ, ಅದು ಕವಳಿಯ ದಕ್ಷಿಣ ಆಫ್ರಿಕಾದ ನೆಂಟ. (ಬೇಕರಿ ಕೇಕಿನ ಮೇಲಿನ ‘ಚೆರ್ರಿ’ ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ ನಮ್ಮ ಕವಳಿಯೇ.)

ಮುಂದಿನ ಮುಂಗಾರಿಗೆ ಸಸಿ ನೆಡಿ. ಬೇಲಿಗಾದರೆ ಎರಡೂವರೆ ಅಡಿ ಅಂತರ. ಮೊದಲ ಬೇಸಿಗೆ ವಾರಕ್ಕೊಮ್ಮೆ ನೀರು.

ಎರಡನೇ ಎಡವಟ್ಟು ಕತ್ತರಿಯದು. ಹೂವು ಬಿಡುವುದು ರೆಂಬೆಯ ತುದಿಯಲ್ಲಿ. ಬೇಲಿ ನೀಟಾಗಿರಲಿ ಎಂದು ತಿಂಗಳಿಗೊಮ್ಮೆ ತುದಿ ಸವರಿದರೆ ಹಸಿರು ಗೋಡೆ ಸಿಗುತ್ತದೆ, ಹಣ್ಣು ಸಿಗುವುದಿಲ್ಲ. ಹಣ್ಣಿನ ಕಾಲ ಮುಗಿದ ಕೂಡಲೇ ಒಮ್ಮೆ ಸವರಿ, ಆಮೇಲೆ ಕತ್ತರಿ ಅಟ್ಟಕ್ಕೆ ಹಾಕಿ. ನನ್ನನ್ನು ಕೇಳಿದರೆ ಸ್ವಲ್ಪ ಕೆದರಿದ ಬೇಲಿಯೇ ಚೆಂದ.

ಎಲೆಯಲ್ಲಿ ತೂತು ಕಂಡರೆ ಔಷಧಿ ಹೊಡೆಯಬೇಡಿ, ಬೇವಿನೆಣ್ಣೆಯೂ ಬೇಡ. ಎಲೆ ಮಗುಚಿ ನೋಡಿ: ಮೈತುಂಬ ಪಟ್ಟೆ, ಬೆನ್ನ ಮೇಲೆ ಕರಿ ಮೀಸೆಯಂಥ ಎಳೆಗಳಿರುವ ಹುಳ ಸಿಕ್ಕರೆ ಅದು ಕಂದು ಬಣ್ಣದ ‘ಕಾಮನ್ ಕ್ರೋ’ ಚಿಟ್ಟೆಯ ಮರಿ. ಕೆಲ ದಿನಗಳಲ್ಲಿ ಬೆಳ್ಳಿ ಲೋಲಾಕಿನಂತೆ ಹೊಳೆಯುವ ಕೋಶ ಎಲೆಯಡಿ ತೂಗುತ್ತದೆ.

ಬೀಜದ ಗಿಡ ಮೂರ್ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತದೆ. ಕೀಳುವ ಮುಂಚೆ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಸೊನೆ ಅಂಟುವುದಿಲ್ಲ. ಸೊಂಟದ ಮಟ್ಟದವರೆಗಿನ ಕಾಯಿ ಉಪ್ಪಿನಕಾಯಿಗೆ. ಮೇಲಿನದು ಪಿಕಳಾರದ ಪಾಲು.