ಲ್ಯಾಪ್‌ಟಾಪ್ ಸ್ಪೀಕರ್ ಟಪ್ ಟಪ್ ಅನ್ನುತ್ತಿದ್ದರೆ

ಮಳೆಗಾಲದಲ್ಲಿ ಮಡಿಕೇರಿ ಕಡೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಬೇಕು, ಅಲ್ವಾ? ಆಗ ಹಾಡು ಶುರುವಾಗುವಾಗ, ನಿಂತಾಗ ಸ್ಪೀಕರ್ 'ಟಪ್' ಅಂದರೆ ಸುಮ್ನೆ ರಿಪೇರಿ ಅಂಗಡಿಗೆ ಒಯ್ಯಬೇಡಿ. ಸದ್ದಿಲ್ಲದಾಗ ಬ್ಯಾಟರಿ ಉಳಿಸಲು ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಆಡಿಯೋ ಚಿಪ್ಪನ್ನು ಮಲಗಿಸುತ್ತದೆ. ಅದು ಮಲಗುವಾಗ, ಏಳುವಾಗ ಬರುವ ಸದ್ದೇ ಇದು.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್ ವಿಭಾಗದಲ್ಲಿ ನಿಮ್ಮ ಆಡಿಯೋ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಅಪ್‌ಡೇಟ್ ಡ್ರೈವರ್' ಒತ್ತಿ. ಆನ್‌ಲೈನ್ ಹುಡುಕಾಟ ಬೇಡ. ಕಂಪ್ಯೂಟರ್‌ನಲ್ಲೇ ಇರುವ ಪಟ್ಟಿಯಿಂದ ವಿಂಡೋಸ್‌ನದೇ ಡ್ರೈವರ್ ಆದ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಆರಿಸಿ, ರೀಸ್ಟಾರ್ಟ್ ಮಾಡಿ. ನೆಟ್‌ವರ್ಕ್ ಸಿಗದ ತೋಟದ ಮನೆಯಲ್ಲೂ ಇದು ನಡೆಯುತ್ತದೆ. ಕಂಪನಿ ಕೊಟ್ಟ ಈಕ್ವಲೈಸರ್ (ಸದ್ದಿನ ಬಾಸ್, ಟ್ರೆಬಲ್ ಹೊಂದಿಸುವ ಸೌಲಭ್ಯ) ಹೋಗಬಹುದು. ಅದು ಬೇಕೇ ಬೇಕು ಅಂದರೆ ಅದೇ ಆಡಿಯೋ ಹೆಸರಿನ 'ಪ್ರಾಪರ್ಟೀಸ್' ತೆರೆದು, 'ಡ್ರೈವರ್' ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ, ಹಳೆಯ ಡ್ರೈವರ್ ವಾಪಸ್ ಬರುತ್ತದೆ.

ವಾಲ್ಯೂಮ್ ಜಾಸ್ತಿ ಮಾಡಿದಾಗ ಮಾತ್ರ ಗರಗರ ಅಂದರೆ ಸ್ಪೀಕರನ್ನೇ ತೋರಿಸಿ.